ಗೀದೋನ ಕಾಲುಚೀಲದಲ್ಲಿ ಮೊಳೆತ ಜೆರಾಲ್ಡ್

ಗುರುವಾರ ಸಂಜೆ ಊಟದ ಹೊತ್ತಿಗೆ ಗೀದೋ, ಅಂದರೆ ಅಜ್ಜ ನೆಸ್ಟರ್, ಮನೆಯನ್ನು ತಲೆಕೆಳಗು ಮಾಡಿಬಿಟ್ಟಿದ್ದ. ಬೀರುವಿನ ಖಾನೆಗಳೆಲ್ಲ ನೆಲಕ್ಕೆ ಬಂದಿದ್ದವು. ಹಾಸಿಗೆ ಎದ್ದು ಗೋಡೆಗೆ ಒರಗಿ ನಿಂತಿತ್ತು. ಬಟ್ಟೆ ಒಗೆಯುವ ಯಂತ್ರದೊಳಗೆ ಸೊಂಟದವರೆಗೆ ತೂರಿಕೊಂಡು ಅಲ್ಲಿಂದಲೇ ಕೂಗುತ್ತಿದ್ದ.

"ಒಂದು ಇದೆ! ಇನ್ನೊಂದೆಲ್ಲಿ? ಕಾಲು ಬಂತಾ ಅದಕ್ಕೆ?"

ಏಳು ವರ್ಷದ ಮೊಮ್ಮಗಳು ಡಾರ್ಕಾ ಬಾಯಲ್ಲಿಟ್ಟ ಆಲೂಗಡ್ಡೆ ಕಡುಬನ್ನು ನುಂಗಲಾರದೆ ಉಗುಳಲಾರದೆ ಕೂತಿದ್ದಳು. ಗೀದೋ ಹೊರಬಂದು ಒಂಟಿ ಕಾಲುಚೀಲವನ್ನು ಎತ್ತಿ ಹಿಡಿದಾಗಲೇ ಅವಳಿಗೆ ಗೊತ್ತಾದದ್ದು. ಬೂದು ಬಣ್ಣ, ಒರಟು ಉಣ್ಣೆ, ಹಿಮ್ಮಡಿಯಲ್ಲಿ ತೂತು. ಅದರ ಜೋಡಿ ಶಾಲೆಯಲ್ಲಿತ್ತು. ಎರಡನೇ ತರಗತಿಯ ಕಿಟಕಿಯ ಪಕ್ಕ, ಒಂದು ತಟ್ಟೆ ಮಣ್ಣಿನಲ್ಲಿ ಮಲಗಿತ್ತು. ಬರೀ ಮಲಗಿದ್ದರೆ ಹೇಗೋ ಆಗುತ್ತಿತ್ತು. ಅದು ಮೊಳೆತುಬಿಟ್ಟಿತ್ತು.

"ನಾಳೆ ಸಂಜೆ ಆರಕ್ಕೆ ಮೊದಲ ಆಟ," ಎಂದು ಗೀದೋ ಕುರ್ಚಿಯಲ್ಲಿ ಕುಸಿದ. "ಅದಿಲ್ದೆ ನಾನು ಐಸ್ ಮೇಲೆ ಕಾಲಿಡಲ್ಲ. ಆಡೋದೇ ಇಲ್ಲ, ಮುಗೀತು."

ಅಡುಗೆಮನೆಯಿಂದ ಬಾಬಾ, ಅಂದರೆ ಡಾರ್ಕಾಳ ಅಜ್ಜಿ (ನಮ್ಮ ಕಡೆ ಬಾಬಾ ಎಂದರೆ ಗಡ್ಡದವನಲ್ಲ), ಸೌಟು ಹಿಡಿದೇ ಇಣುಕಿದಳು. "ಅಂಗಡೀಲಿ ಸಾಕ್ಸ್ ಸಿಗೋದು ನಿಂತೋಯ್ತಾ ನೆಸ್ಟರ್?"

"ನಿಂಗೆ ಹೇಳಿ ಪ್ರಯೋಜನ ಇಲ್ಲ!"

ನಿಜಕ್ಕೂ ಪ್ರಯೋಜನ ಇರಲಿಲ್ಲ. ಸ್ಟೋನಿ ಬೆಂಡ್‌ನಂಥ ಊರಿನಲ್ಲಿ, ಅದರಲ್ಲೂ ಮ್ಯಾನಿಟೋಬಾದ ಚಳಿಗಾಲದಲ್ಲಿ, ಫೆಬ್ರವರಿಯ ಕರ್ಲಿಂಗ್ ಪಂದ್ಯಾವಳಿ ಎಂದರೆ ಸುಮ್ಮನೆ ಮಾತಲ್ಲ. ಐಸಿನ ಮೇಲೆ ಒಬ್ಬ ದುಂಡು ಕಲ್ಲನ್ನು ಆ ತುದಿಯ ವೃತ್ತದ ನಡುವಿಗೆ ಜಾರಿಸುತ್ತಾನೆ, ಇಬ್ಬರು ಅದರ ಮುಂದೆ ಪೊರಕೆ ಹಿಡಿದು ಗುಡಿಸುತ್ತಾ ಓಡುತ್ತಾರೆ, ಊರೆಲ್ಲ ಗಾಜಿನ ಹಿಂದೆ ನಿಂತು ಗಂಟಲು ಹರಿದುಕೊಳ್ಳುತ್ತದೆ. ಗೀದೋ ತನ್ನ ತಂಡದ ನಾಯಕ. ಹತ್ತೊಂಬತ್ತು ವರ್ಷದ ಕೆಳಗೆ ಮೊದಲ ಸಲ ಕಪ್ ಗೆದ್ದ ದಿನ ಈ ಜೋಡಿ ಕಾಲುಚೀಲ ಹಾಕಿಕೊಂಡಿದ್ದ. ಅಂದಿನಿಂದ ವರ್ಷಕ್ಕೆ ಮೂರೇ ದಿನ ಅವನ್ನು ಹಾಕುವುದು, ಉಳಿದ ದಿನ ಖಾನೆಯಲ್ಲಿಡುವುದು, ಅವಕ್ಕೆ ನೀರು ಸೋಕಿಸದಿರುವುದು. ಒಗೆದರೆ ಅದೃಷ್ಟ ಹೋಗುತ್ತದಂತೆ.

"ಹತ್ತೊಂಬತ್ತು ವರ್ಷ ನೀರು ಕಂಡಿಲ್ಲ," ಎಂದು ಪಂದ್ಯದ ದಿನ ತಂಡದವರಿಗೆಲ್ಲ ಮೂಗಿಗೆ ಹಿಡಿದು ತೋರಿಸುತ್ತಿದ್ದ. "ಆದ್ರೂ ಒಂಚೂರು ನಾತ ಇದ್ಯಾ? ಇಲ್ಲ! ಅದೇ ಇದರ ಮಹಿಮೆ."

ಡಾರ್ಕಾ ಕಳ್ಳಿಯಲ್ಲ, ಪಾಪ. ಸೆಪ್ಟೆಂಬರ್ ಕೊನೆಯಲ್ಲಿ ಅವಳ ಟೀಚರ್ ಮಿಸ್ ಫ್ರೀಸನ್ ಹೇಳಿದ್ದರು: "ನಾಳೆ ಎಲ್ಲರೂ ದೊಡ್ಡವರದ್ದೊಂದು ಸಾಕ್ಸ್ ತನ್ನಿ. ಹಳೇದು, ಯಾರೂ ಹಾಕ್ಕೊಳ್ಳದ್ದು. ಎಷ್ಟು ಜುಂಗು ಜುಂಗಾಗಿದ್ರೆ ಅಷ್ಟು ಒಳ್ಳೇದು." ಡಾರ್ಕಾ ಹುಡುಕಿದಳು. ತೂತಿದೆ, ಹಳೆಯದು, ತಿಂಗಳುಗಟ್ಟಲೆಯಿಂದ ಯಾರೂ ಮುಟ್ಟಿಲ್ಲ, ಜುಂಗಂತೂ ಕುರಿಯನ್ನೇ ಮಡಿಸಿಟ್ಟ ಹಾಗಿದೆ. ಅಜ್ಜನ ಅದೃಷ್ಟದ ಕಾಲುಚೀಲದ ಕಥೆ ಅವಳೂ ಕೇಳಿದ್ದಳು, ಕಾಲುಚೀಲವನ್ನು ಮಾತ್ರ ಕಂಡಿರಲಿಲ್ಲ. ಅದೃಷ್ಟದ್ದೆಂದರೆ ಕೆಂಪಗೆ ಮಿರಮಿರ ಮಿಂಚುತ್ತಿರಬೇಕೆಂದು ಅವಳ ಲೆಕ್ಕ. ಈ ಬಡಪಾಯಿ ಅದಾಗಿರಬಹುದೆಂದು ಕನಸಿನಲ್ಲೂ ಅನಿಸಿರಲಿಲ್ಲ.

ಮರುದಿನ ಇಪ್ಪತ್ತೊಂದು ಮಕ್ಕಳು ಒಂದೊಂದು ಕಾಲಿನ ಶೂ ಮೇಲೆ ದೊಡ್ಡ ಕಾಲುಚೀಲ ಎಳೆದುಕೊಂಡು ಶಾಲೆಯ ಹಿಂದಿನ ಬಯಲಿನ ಒಣಹುಲ್ಲಿನಲ್ಲಿ ಕುಣಿದಿದ್ದೇ ಕುಣಿದಿದ್ದು. ಮಿಸ್ "ನಡೀರಿ, ಸುಮ್ನೆ ನಡೀರಿ" ಎನ್ನುತ್ತಿದ್ದರು. ಯಾರು ನಡೆಯುತ್ತಾರೆ? ಉರುಳಿದರು, ಹೊರಳಿದರು. ಆಮೇಲೆ ಭೂತಗನ್ನಡಿ ಹಿಡಿದು ಯಾರ ಕಾಲುಚೀಲಕ್ಕೆ ಏನೇನು ಬೀಜ ಅಂಟಿದೆ ಎಂದು ನೋಡಿದರು. ಬಯಲಿನಲ್ಲಿ ಕಂಡ ಒಂದೊಂದು ಗಿಡದ ಚಿತ್ರ ಬರೆದು ಗೋಡೆಗೆ ಹಚ್ಚಿದರು. ಬೀಜಗಳಿಗೆ ಚಳಿಗಾಲ ಬಂತೆಂದು ನಂಬಿಸಬೇಕೆಂದು ಮಿಸ್ ಅಷ್ಟೂ ಕಾಲುಚೀಲಗಳನ್ನು ಟೀಚರುಗಳ ಕೋಣೆಯ ಫ್ರಿಜ್ಜಿನಲ್ಲಿಟ್ಟರು. ಹೆಡ್‌ಮಾಸ್ಟರು ಒಂದು ಮಧ್ಯಾಹ್ನ ಊಟದ ಡಬ್ಬಿಗೆಂದು ಕೈ ಹಾಕಿ ಕಾಲುಚೀಲ ಹಿಡಿದುಕೊಂಡು ಹೊರಬಂದದ್ದನ್ನು ಶಾಲೆ ಇನ್ನೂ ಮರೆತಿಲ್ಲ.

ಜನವರಿಯಲ್ಲಿ ಎಲ್ಲವನ್ನೂ ಮಣ್ಣಿನ ತಟ್ಟೆಗಳಲ್ಲಿ ಮಲಗಿಸಿ ನೀರು ಹಾಕಿದರು. ಅಂಗಡಿಯ ನುಣುಪು ಕಾಲುಚೀಲಗಳಲ್ಲಿ ಒಂದೋ ಎರಡೋ ಹುಲ್ಲಿನ ಎಳೆ ಬಂತು. ರೆಮಿ ಬೂಶಾ ಎಂಬ ಹುಡುಗನ ಕಾಲುಚೀಲದಲ್ಲಿ ಬರೀ ನೀಲಿ ಬೂಷ್ಟು ಬಂತು, ಅವನಿಗೆ ಅದೇ ಹೆಮ್ಮೆ. ಡಾರ್ಕಾಳದ್ದು ಮಾತ್ರ ಕಾಡಾಯಿತು. ಹನ್ನೊಂದು ಬಗೆಯ ಮೊಳಕೆ! ಹತ್ತಕ್ಕೆ ಹೆಸರು ಸಿಕ್ಕಿತು, ಗೋಡೆಯ ಚಿತ್ರಗಳ ಜೊತೆ ಹೋಲಿಸಿದರು. ಹಿಮ್ಮಡಿಯ ಪಕ್ಕ ಎದ್ದ ಹನ್ನೊಂದನೆಯದು ಯಾವ ಚಿತ್ರಕ್ಕೂ ಹೊಂದಲಿಲ್ಲ. ಎರಡು ದಪ್ಪ ಎಲೆ ಬಿಟ್ಟುಕೊಂಡು ಗತ್ತಿನಿಂದ ನಿಂತಿತ್ತು. ಮಕ್ಕಳು ಕೈಯೆತ್ತಿ ಮತ ಹಾಕಿ ಅದಕ್ಕೆ ಜೆರಾಲ್ಡ್ ಎಂದು ಹೆಸರಿಟ್ಟರು.

"ಮೊದಲ ಎರಡು ಎಲೆ ಎಲ್ಲಾ ಗಿಡಕ್ಕೂ ಹೆಚ್ಚುಕಮ್ಮಿ ಒಂದೇ ಥರ," ಎಂದಿದ್ದರು ಮಿಸ್. "ಆಮೇಲೆ ಬರೋ ಎಲೆಗಳು ದೊಡ್ಡದಾಗ್ಲಿ, ಜೆರಾಲ್ಡ್ ಯಾರು ಅಂತ ಅದೇ ಹೇಳತ್ತೆ."

ಆ ಎಲೆಗಳು ಈ ವಾರವಷ್ಟೇ ಬಿಚ್ಚಿಕೊಳ್ಳುತ್ತಿದ್ದವು. ತರಗತಿಗೆ ತರಗತಿಯೇ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಅಷ್ಟರಲ್ಲಿ ಈ ಗ್ರಹಚಾರ.

ಶುಕ್ರವಾರ ಬೆಳಿಗ್ಗೆ ಡಾರ್ಕಾ ಕೋಟನ್ನೂ ಬಿಚ್ಚದೆ ಮಿಸ್ ಮುಂದೆ ಹೋಗಿ ನಿಂತಳು. "ಮಿಸ್, ನನ್ನ ಸಾಕ್ಸ್ ವಾಪಸ್ ತಗೊಂಡು ಹೋಗ್ಲಾ?"

ತರಗತಿಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ತರಗತಿಯವರು ಬಾಗಿಲಿಗೆ ಬಂದರು.

"ಜೆರಾಲ್ಡ್‌ನ ಏನ್ ಮಾಡ್ತೀಯಾ?"

"ಅದರ ಬೇರು ಸಾಕ್ಸ್ ಒಳಗೆ ಹೋಗ್ಬಿಟ್ಟಿದೆ ಕಣೇ! ಎಳೆದ್ರೆ ಸತ್ತೇ ಹೋಗತ್ತೆ!"

"ಕೊಲೆಗಾತಿ!" ಇದು ರೆಮಿ.

ಡಾರ್ಕಾಳ ಕಣ್ಣಲ್ಲಿ ನೀರು ತುಂಬಿ ಮೂಗಿಗೆ ಇಳಿಯಿತು. ಇದ್ದದ್ದನ್ನೆಲ್ಲ ಹೇಳಿದಳು. ಅದು ಗೀದೋನ ಅದೃಷ್ಟದ್ದು, ತನಗೆ ಗೊತ್ತಿರಲಿಲ್ಲ, ಇವತ್ತು ಸಂಜೆ ಆರಕ್ಕೆ ಆಟ, ಸಿಗದಿದ್ದರೆ ಅವನು ಆಡುವುದೇ ಇಲ್ಲ, ಎಲ್ಲಾ ತನ್ನಿಂದಲೇ. ರೆಮಿ ತಕ್ಷಣ ಪಕ್ಷ ಬದಲಿಸಿದ. "ಸಾಕ್ಸ್‌ಗೆ ಹುಷಾರಿಲ್ಲ, ಆಸ್ಪತ್ರೇಲಿದೆ ಅಂತ ಹೇಳು," ಎಂದ. ಅವನ ಮಟ್ಟಿಗೆ ಅದು ಒಳ್ಳೆಯ ಉಪಾಯವೇ.

ಮಿಸ್ ಫ್ರೀಸನ್ ಅವಳ ಮೂಗು ಒರೆಸಿ ಆಫೀಸಿಗೆ ಕರೆದೊಯ್ದು ಫೋನು ಕೈಗೆ ಕೊಟ್ಟರು.

"ಗೀದೋ? ನಿನ್ನ ಸಾಕ್ಸ್ ನನ್ನ ಹತ್ರ ಇದೆ. ಶಾಲೇಲಿ."

"ಅಬ್ಬಾ! ನನ್ನ ಬಂಗಾರ! ಈಗ್ಲೇ ಬಂದೆ!"

"ಗೀದೋ... ಅದು ಸ್ವಲ್ಪ ಬೆಳೆದಿದೆ."

"ಬೆಳೆದಿದ್ಯಾ? ಸಾಕ್ಸು?" ಆದರೆ ಅವನು ಉತ್ತರಕ್ಕೆ ಕಾಯಲಿಲ್ಲ, ಫೋನು ಇಟ್ಟಿದ್ದ.

ಹತ್ತೇ ನಿಮಿಷದಲ್ಲಿ ಲಾರಿಯಷ್ಟು ಎತ್ತರದ ಅವನ ಪಿಕಪ್ ಗಾಡಿ ಹಿಮ ಎರಚುತ್ತಾ ಬಂದು ನಿಂತಿತು. ಓಡಿಸಿದ್ದು ಬಾಬಾ. ಗೀದೋನ ಕೈ ಆಡುತ್ತಿರಲಿಲ್ಲವಂತೆ. ಅವನು ಬಾಗಿಲಲ್ಲಿ ಟೋಪಿ ತೆಗೆದು, ಮಿಸ್‌ಗೆ ತಲೆಬಾಗಿ, ಕಿಟಕಿಯ ಬಳಿ ಬಂದ. ಇಪ್ಪತ್ತು ಮಕ್ಕಳು ತಟ್ಟೆಯ ಸುತ್ತ ಕೋಟೆ ಕಟ್ಟಿಕೊಂಡು ನಿಂತಿದ್ದರು. ಡಾರ್ಕಾ ಮಾತ್ರ ಆ ಕಡೆಯೂ ಅಲ್ಲದೆ ಈ ಕಡೆಯೂ ಅಲ್ಲದೆ ನಡುವೆ ನಿಂತಿದ್ದಳು. ಅಜ್ಜ ಕೋಪ ಮಾಡಿಕೊಂಡರೆ ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ಅವನ ಗದ್ದ ಸಣ್ಣಗೆ ನಡುಗುತ್ತಿತ್ತು, ಅದನ್ನು ನೋಡಲಾಗದೆ ಅವಳು ನೆಲ ನೋಡಿದಳು.

"ನನ್ನ ಸಾಕ್ಸ್," ಎಂದ ಗೀದೋ. ತಟ್ಟೆಯಲ್ಲಿ ಹುಲ್ಲಿನ ನಡುವೆ ಬೂದು ಬಣ್ಣದ ಹೆಬ್ಬೆರಳ ತುದಿ ಮಾತ್ರ ಕಾಣುತ್ತಿತ್ತು. "ಅಯ್ಯೋ ದೇವರೇ, ನನ್ನ ಸಾಕ್ಸ್!"

"ಸಾರಿ ಗೀದೋ. ಎಳ್ಕೊಳ್ಳೋದಾದ್ರೆ ಎಳ್ಕೋ," ಎಂದಳು ಡಾರ್ಕಾ. ಹಿಂದಿನಿಂದ ಯಾರೋ ಬಿಕ್ಕಿದರು.

ಗೀದೋ ಬಗ್ಗಿದ. ಕೈ ಚಾಚಿದ. ಚಾಚಿದ ಕೈ ಅಲ್ಲೇ ನಿಂತಿತು. ಹಿಮ್ಮಡಿಯ ಪಕ್ಕ ನಿಂತಿದ್ದ ಜೆರಾಲ್ಡ್‌ನನ್ನು ಅವನು ಕನ್ನಡಕ ಸರಿಮಾಡಿಕೊಂಡು ನೋಡಿದ. ಹೊಸ ಎಲೆಗಳ ಅಂಚಿನಲ್ಲಿ ಸಣ್ಣ ಸಣ್ಣ ಮುಳ್ಳಿನ ಕೂದಲು.

"ತಿಸಲ್!" ಎಂದು ಗೀದೋ ಹಾವು ಕಂಡವನಂತೆ ಚೀರಿದ. "ಇದು ತಿಸಲ್ ಮುಳ್ಳು! ನನ್ನ ಸಾಕ್ಸಲ್ಲಿ!"

ನಮ್ಮ ಕಡೆಯ ರೈತರಿಗೆ ತಿಸಲ್ ಎಂದರೆ ಹುಟ್ಟಾ ವೈರಿ. ಒಂದು ಬಿಟ್ಟರೆ ಮರುವರ್ಷ ಗೋಧಿ ಹೊಲವೆಲ್ಲ ಅದೇ. ಗೀದೋ ಐವತ್ತು ವರ್ಷ ಅದರ ಜೊತೆ ಗುದ್ದಾಡಿದವನು. ತನ್ನ ಜಮೀನಿನಲ್ಲಿ ಒಂದೇ ಒಂದು ತಿಸಲ್ ತೋರಿಸಿದರೆ ಟೋಪಿಯನ್ನು ಬೇಯಿಸಿಕೊಂಡು ತಿನ್ನುತ್ತೇನೆಂದು ಊರಿಗೆಲ್ಲ ಸವಾಲು ಹಾಕಿದ್ದವನು. ಬೆರಳುಗಳು ತಾವಾಗಿಯೇ ಕೀಳಲು ಹೋದವು. ಇಪ್ಪತ್ತು ಮಕ್ಕಳು ಒಟ್ಟಿಗೆ "ಬೇಡಾ!" ಎಂದು ಕಿರುಚಿದರು. ಆಮೇಲೆ ಒಟ್ಟಿಗೇ ಕುಣಿಯತೊಡಗಿದರು.

"ಜೆರಾಲ್ಡ್ ತಿಸಲ್ ಅಂತೆ! ಜೆರಾಲ್ಡ್ ತಿಸಲ್ ಅಂತೆ!"

"ನಿಮ್ಮ ಬಯಲಿಂದಲೇ ಬಂದಿರತ್ತೆ," ಎಂದು ಗೀದೋ ಮಿಸ್ ಕಡೆ ಬೆರಳು ತೋರಿಸಿದ. "ಕಳೆ ತೆಗೆಸಲ್ಲ ನೀವು!"

"ಇಲ್ಲ," ಎಂದಳು ಡಾರ್ಕಾ. ಬಾಯಿ ತಪ್ಪಿ ಬಂದ ಮಾತು. ಆದರೆ ಐದು ತಿಂಗಳಿಂದ ಈ ಕಾಲುಚೀಲಗಳ ಜೊತೆಗೇ ಇದ್ದವಳು, ಸುಮ್ಮನಿರುವುದು ಹೇಗೆ? "ಗೋಡೆ ಮೇಲೆ ನೋಡು ಗೀದೋ. ಬಯಲಲ್ಲಿ ಕಂಡಿದ್ದೆಲ್ಲಾ ಬರೆದಿದೀವಿ. ತಿಸಲ್ ಇಲ್ಲ."

"ಬೇರೆ ಯಾರ ಸಾಕ್ಸಲ್ಲೂ ಬಂದಿಲ್ಲ," ಎಂದ ರೆಮಿ. "ಬಯಲಲ್ಲಿ ಇದ್ದಿದ್ರೆ ನನ್ನದಕ್ಕೂ ಅಂಟ್ತಿತ್ತು. ನಾನು ಎಲ್ಲಾ ಕಡೆ ಹೊರಳಾಡಿದೀನಿ."

"ನಡೀದೇ ಇರೋ ಸಾಕ್ಸಲ್ಲಿ ಏನೂ ಬರಲ್ಲ," ಎಂದು ಇನ್ನೊಂದು ಹುಡುಗಿ ಮೂಲೆಯ ತಟ್ಟೆ ತೋರಿಸಿದಳು. ಅದು ಮಿಸ್ ಅವರದ್ದೇ ಕಾಲುಚೀಲ, ಬಯಲಿಗೆ ಹೋಗದೆ ನೇರ ಮಣ್ಣಿಗೆ ಬಂದದ್ದು. ಅಲ್ಲಿ ಒಂದು ಎಳೆಯೂ ಇರಲಿಲ್ಲ. "ಅಂದ್ರೆ ನಿಮ್ಮ ಸಾಕ್ಸ್ ಬೇರೆಲ್ಲೋ ಹೋಗಿ ಬಂದಿದೆ."

"ಎಲ್ಲಿಗೆ ಹೋಗತ್ತೆ?" ಎಂದು ಗೀದೋ ರೇಗಿದ. "ಫೆಬ್ರವರೀಲಿ ಐಸ್ ಮೇಲೆ, ಉಳಿದ ದಿನ ಖಾನೆ ಒಳಗೆ!"

ಮಕ್ಕಳು ಯೋಚಿಸಿದರು. ಎರಡನೇ ತರಗತಿ ಯೋಚಿಸುವಾಗ ತುಟಿಗಳೆಲ್ಲ ಮುಂದಕ್ಕೆ ಬರುತ್ತವೆ. ಐಸಿನ ಮೇಲೆ ತಿಸಲ್ ಬೆಳೆಯುವುದಿಲ್ಲ. ಖಾನೆಯೊಳಗೂ ಬೆಳೆಯುವುದಿಲ್ಲ. ತಿಸಲ್ ಬೀಜ ಅಜ್ಜನ ಗಡ್ಡದಂತೆ ಹಾರುವುದು ಯಾವಾಗ ಎಂದು ರೆಮಿ ಕೇಳಿದ. ಆಗಸ್ಟಿನಲ್ಲಿ ಎಂದರು ಮಿಸ್.

"ಹಾಗಾದ್ರೆ ಆಗಸ್ಟಲ್ಲಿ ಸಾಕ್ಸ್ ಹೊರಗಿತ್ತು!" ಡಾರ್ಕಾಳ ಅಳು ಎಲ್ಲೋ ಹಾರಿಹೋಗಿತ್ತು. "ಆಗಸ್ಟಲ್ಲಿ ಸಾಕ್ಸನ್ನ ಯಾಕೆ ಹೊರಗೆ ಹಾಕ್ತಾರೆ?"

"ಒಣಗೋಕೆ!" ಎಂದು ನಾಲ್ಕೈದು ಜನ ಕೂಗಿದರು.

"ಯಾಕೆ ಒಣಗಿಸ್ತಾರೆ?"

"ಒಗೆದಿದ್ರೆ!"

ಬಾಗಿಲ ಬಳಿ ನಿಂತಿದ್ದ ಬಾಬಾ ಆ ಹೊತ್ತಿಗೆ ಗೋಡೆಯ ಮೇಲಿನ ಮಗ್ಗಿಯನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದಳು. ಇಪ್ಪತ್ತೊಂದು ಮಕ್ಕಳು ಅವಳತ್ತ ತಿರುಗಿದರು. ಕೊನೆಗೆ ಗೀದೋನೂ ತಿರುಗಿದ.

"ನೀನು..." ಎಂದ.

"ಹ್ಞೂಂ, ನಾನೇ!" ಎಂದು ಬಾಬಾ ಸೊಂಟಕ್ಕೆ ಕೈಯಿಟ್ಟಳು. "ಪ್ರತಿ ಆಗಸ್ಟ್, ನೀನು ಊರಿಗೆ ಹೋದ ದಿನ. ಎರಡು ಸಲ ಸೋಪು ಹಾಕಿ. ಹಾಗೇ ಬಿಟ್ಟಿದ್ರೆ ನಾನು ಮನೆ ಬಿಟ್ಟು ಹೋಗ್ಬೇಕಿತ್ತು. ನಾತ ಇಲ್ಲ, ಅದೇ ಮಹಿಮೆ ಅಂತೀಯಲ್ಲ ನೆಸ್ಟರ್, ಮಹಿಮೆ ನಂದು!"

"ಹತ್ತೊಂಬತ್ತು ವರ್ಷ?"

"ಒಂದು ವರ್ಷಾನೂ ಬಿಟ್ಟಿಲ್ಲ. ನಿನ್ನ ಕಣ್ಣಿಗೆ ಬೀಳಬಾರದು ಅಂತ ಟ್ರ್ಯಾಕ್ಟರ್ ಶೆಡ್ ಹಿಂದಿನ ಬೇಲಿ ಮೇಲೆ ಒಣಗಿಸ್ತಿದ್ದೆ."

ಗೀದೋ ಮೆಲ್ಲಗೆ ಕೇಳಿದ: "ಆ ಶೆಡ್ ಹಿಂದೆ ತಿಸಲ್ ಇದ್ಯಾ?"

"ನನ್ನ ಎದೆವರೆಗೆ ಬೆಳೆದಿದೆ. ಮರೆಗೆ ಚೆನ್ನಾಗಿತ್ತು, ಅದಕ್ಕೇ ಬಿಟ್ಟೆ."

ಮಿಸ್ ಫ್ರೀಸನ್ ಬೋರ್ಡಿನ ಕಡೆ ತಿರುಗಿಕೊಂಡರು. ಅವರ ಭುಜಗಳು ಕುಲುಕುತ್ತಿದ್ದವು. ಮಕ್ಕಳಿಗೆ ಮುಚ್ಚುಮರೆ ಎಲ್ಲಿಂದ? ಹೊಟ್ಟೆ ಹಿಡಿದು ನೆಲದ ಮೇಲೆ ಬಿದ್ದು ನಕ್ಕರು. "ಟೋಪಿ ತಿನ್ಬೇಕು, ಟೋಪಿ ತಿನ್ಬೇಕು" ಎಂದು ರೆಮಿ ಹಾಡು ಕಟ್ಟಿದ. ಗೀದೋ ಮಾತ್ರ ಮಕ್ಕಳ ಪುಟ್ಟ ಕುರ್ಚಿಯೊಂದರಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತುಬಿಟ್ಟ. ಅವನ ಮುಖ ನೋಡಿ ಡಾರ್ಕಾಳ ನಗು ನಿಂತಿತು.

"ಹೋಯ್ತು," ಎಂದ ಅವನು. "ಅದೃಷ್ಟ ಎಂದೋ ತೊಳೆದು ಹೋಗಿತ್ತು. ನಾನು ಪೆದ್ದನ ಥರ ಬರೀ ಉಣ್ಣೆ ನಂಬ್ಕೊಂಡಿದ್ದೆ. ಇವತ್ತು ಯಾವ ಧೈರ್ಯದ ಮೇಲೆ ಆಡ್ಲಿ?"

ಡಾರ್ಕಾ ಅವನ ಎದುರು ನಿಂತು ಬೆರಳು ಮಡಿಸತೊಡಗಿದಳು. ತಟ್ಟೆಗಳ ಮುಂದೆ ದಿನಾ ಮಾಡುತ್ತಿದ್ದ ಕೆಲಸವೇ ಅದು. ಏನು ಹಾಕಿದೆವು, ಏನು ಬಂತು, ಯಾತರಿಂದ ಬಂತು.

"ಗೀದೋ, ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ಗೆದ್ದಿದೀಯಾ?"

"ಮೊದಲನೇದು ಬಿಟ್ಟು ಆರು."

"ಸೋತಿದ್ದು?"

"ಮಿಕ್ಕಿದ್ದೆಲ್ಲಾ. ಆಗೆಲ್ಲಾ ಐಸ್ ಸರಿ ಇರ್ಲಿಲ್ಲ."

"ಆ ಆರು ಸಲಾನೂ ಸಾಕ್ಸ್ ಒಗೆದಿತ್ತು. ಅಂದ್ರೆ ಅದರಲ್ಲಿ ಅದೃಷ್ಟ ಇರ್ಲಿಲ್ಲ. ಬರೀ ಸೋಪಿತ್ತು." ಅವಳು ಸ್ವಲ್ಪ ತಡೆದಳು. ಉತ್ತರ ತಾನಾಗಿಯೇ ಬಾಯಿಗೆ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. "ಹಾಗಾದ್ರೆ ಗೆದ್ದಿದ್ದು ನೀನೇ ಅಲ್ವಾ?"

ಗೀದೋ ಮೊಮ್ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ, ತನ್ನ ಎರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಎಪ್ಪತ್ತೊಂದು ವರ್ಷದ ಮುದುಕನ ಕಿವಿಗಳು ಕೆಂಪಾದವು.

"ನಾನಾ?" ಎಂದ.

"ಇನ್ಯಾರು, ನಾನಾ?" ಎಂದಳು ಬಾಬಾ. "ನಂಗೆ ಪೊರಕೆ ಹಿಡಿಯೋದು ಮನೇಲೇ ಸಾಕಾಗಿದೆ."

ಕಾಲುಚೀಲ ತಟ್ಟೆಯಲ್ಲೇ ಉಳಿಯಿತು. ಹೂ ಬಿಡುವ ಮುಂಚೆ ತನಗೆ ಹೇಳಿ ಕಳಿಸಬೇಕು, ಇಲ್ಲದಿದ್ದರೆ ಊರೇ ಮುಳ್ಳಾಗುತ್ತದೆ ಎಂದು ಗೀದೋ ಮಿಸ್ ಅವರಿಂದ ಮಾತು ತೆಗೆದುಕೊಂಡ. ಮಕ್ಕಳು ಅವನ ಕಾಲಿಗೆ, ತೋಳಿಗೆ, ಕೋಟಿಗೆ ಸಿಕ್ಕಿದಲ್ಲಿ ಜೋತುಬಿದ್ದು ಗಾಡಿಯವರೆಗೆ ಬಿಟ್ಟು ಬಂದರು. ಹೋಗುವ ದಾರಿಯಲ್ಲಿ ಬಾಬಾ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಒಂದು ಜೊತೆ ಹೊಸ ಕಾಲುಚೀಲ ಕೊಂಡಳು.

ಆ ಸಂಜೆ ಗೀದೋ ಗೆದ್ದ. ಶನಿವಾರ ಎರಡು ಆಟ, ಎರಡೂ ಗೆದ್ದ. ಡಾರ್ಕಾ ಗಾಜಿಗೆ ಮೂಗೊತ್ತಿ ಕಿರುಚಿ ಕಿರುಚಿ ದನಿ ಕಳೆದುಕೊಂಡಳು. ಭಾನುವಾರ ಫೈನಲ್ಲಿಗೆ ಅರ್ಧ ತರಗತಿ ಬಂದಿತ್ತು, ಮಿಸ್ ಫ್ರೀಸನ್ ಕೂಡ. ಕೊನೆಗೆ ಒಂದೇ ಕಲ್ಲು ಉಳಿಯಿತು. ಅದು ಗೀದೋನದ್ದು. ಎದುರಾಳಿಯ ಕಲ್ಲಿಗಿಂತ ಒಂದು ಬೆರಳಷ್ಟು ವೃತ್ತದ ನಡುವಿಗೆ ಹತ್ತಿರ ಹೋಗಿ ನಿಂತರೂ ಸಾಕು, ಕಪ್ ಮನೆಗೆ.

ಗೀದೋ ಬಗ್ಗಿ ಕಲ್ಲು ಬಿಟ್ಟ. ಇಬ್ಬರು ಮುದುಕರು ಪೊರಕೆ ಹಿಡಿದು ಗುಡಿಸುತ್ತಾ ಓಡಿದರು. "ಗುಡ್ಸಿ! ಗುಡ್ಸಿ! ಗುಡ್ಸೀ!" ಎಂದು ಮಕ್ಕಳೆಲ್ಲ ಗಾಜು ಬಡಿದರು. ಕಲ್ಲು ಬಂತು, ಬಂತು, ನಿಧಾನವಾಯಿತು, ಇನ್ನೂ ನಿಧಾನವಾಯಿತು. ಒಂದು ಗೇಣು ಹಿಂದೆಯೇ ನಿಂತುಬಿಟ್ಟಿತು.

ಆ ಬೂದು ಕಾಲುಚೀಲ ಅವನ ಕಾಲಲ್ಲಿ ಇದ್ದಿದ್ದರೆ? ತರಗತಿಯಲ್ಲಿ ಬೆರಳು ಮಡಿಸಿ ಹೇಳಿದ ಅಷ್ಟೂ ಮಾತು ತಪ್ಪಾಗಿದ್ದರೆ? ಡಾರ್ಕಾ ಬಾಬಾಳ ಕೋಟಿನೊಳಗೆ ಮುಖ ಹುದುಗಿಸಿದಳು. ಗಾಜಿನ ಬಾಗಿಲು ತೆರೆದ ಸದ್ದಾಯಿತು. ಹತ್ತಿರ ಬಂದ ಹೆಜ್ಜೆಗಳು ಅವಳ ಪಕ್ಕ ನಿಂತವು.

"ಏ ಮರಿ, ನೋಡಿದ್ಯಾ ಅದನ್ನ?" ಎಂದ ಗೀದೋ.

ಅವಳು ಒಂದೇ ಕಣ್ಣು ಹೊರಗೆ ಹಾಕಿದಳು. ಅವನ ಮೀಸೆಯ ಮೇಲೆ ಹಿಮ ಕಟ್ಟಿತ್ತು. ಕಿವಿಯಿಂದ ಕಿವಿಯವರೆಗೆ ನಗುತ್ತಿದ್ದ.

"ಐಸ್ ಚೆನ್ನಾಗಿತ್ತು, ಕಲ್ಲು ಚೆನ್ನಾಗಿತ್ತು, ಅವರಿಬ್ಬರೂ ಚೆನ್ನಾಗೇ ಗುಡಿಸಿದ್ರು. ನಾನೇ ಸ್ವಲ್ಪ ಮೆತ್ತಗೆ ಬಿಟ್ಟೆ." ಅವನು ಅವಳನ್ನು ಬಾಬಾಳಿಂದ ಕಿತ್ತುಕೊಂಡು ಮೇಲಕ್ಕೆತ್ತಿದ. "ಸೋತಿದ್ದೂ ನಾನೇ ಕಣೇ! ಪೂರ್ತಿ ನಾನೇ!"

ಡಾರ್ಕಾ ಅವನ ಕತ್ತು ತಬ್ಬಿಕೊಂಡಳು. ಇಲ್ಲದ ದನಿಯಲ್ಲೇ ಕಿವಿಗೆ ಹೇಳಿದಳು: "ಹಾಗಾದ್ರೆ ಮುಂದಿನ ವರ್ಷ ಒಂಚೂರು ಜೋರಾಗಿ ಬಿಡು."

"ಬಿಡ್ತೀನಿ," ಎಂದ ಗೀದೋ.